‘ಓಕೆ’ ಅಂದೆ, ‘ಒಪ್ಪಿದ್ದಾರೆ’ ಅಂತ ಬರೆದುಕೊಂಡರು: 11 ವಾರಗಳ ಸಂಬಳದ ಮಾತುಕತೆ

ಕಳೆದ ಶುಕ್ರವಾರ ಪತ್ರ ಬಂತು. ಹೊಸ ಹುದ್ದೆ, ಸಂಬಳದಲ್ಲಿ ಶೇ 15 ಏರಿಕೆ, ಯಾವತ್ತಿನಿಂದ ಜಾರಿ ಅನ್ನೋ ದಿನಾಂಕ, ಎಲ್ಲಾ ಒಂದೇ ಪುಟದಲ್ಲಿ. ಈ ಒಂದು ಪುಟಕ್ಕೆ 11 ವಾರ ಹಿಡಿಯಿತು. ಅಷ್ಟರಲ್ಲಿ ನಿಜವಾಗಿ ದುಡ್ಡಿನ ಮಾತು ನಡೆದದ್ದು ಎರಡು ಗಂಟೆಯೂ ಇರಲಾರದು. ಉಳಿದ ಸಮಯವೆಲ್ಲಾ ಹೋಗಿದ್ದು ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಬೇರೆಯೇ ಆಗಿ ಕೇಳಿಸಿದ್ದರಿಂದ. ಬೇರೆ ಬೇರೆ ದೇಶದವರ ಜೊತೆ ಕೂತು ಸಂಬಳ, ಬಡ್ತಿ, ಕೆಲಸದ ಗಡುವು ಇಂಥದ್ದನ್ನು ಮಾತಾಡಬೇಕಾದವರು ಈಗ ತುಂಬಾ ಜನ ಇದ್ದೀರಿ. ನಾನು ಎಡವಿದ ಕಡೆ ನೀವು ಎಡವಬಾರದು ಅಂತ ನೆನಪು ಹಸಿಯಾಗಿರುವಾಗಲೇ ಬರೆಯುತ್ತಿದ್ದೇನೆ.

ಮೊದಲು ಯಾರ‍್ಯಾರು ಅಂತ ಹೇಳಿಬಿಡುತ್ತೇನೆ. ನನ್ನ ಮ್ಯಾನೇಜರ್ ಡಚ್ಚರು. ಎಚ್‌ಆರ್ ಅಮೆರಿಕದ ಹೆಂಗಸು. ಕೊನೆಯ ಸಹಿ ಹಾಕಬೇಕಾದ ನಿರ್ದೇಶಕರು ಜಪಾನಿನವರು. ಎಲ್ಲರೂ ಮಾತಾಡುವುದು ಇಂಗ್ಲಿಷಿನಲ್ಲಿ, ಆದರೆ ನಾಲ್ವರಲ್ಲಿ ಮೂವರಿಗೆ ಅದು ಮನೆಮಾತಲ್ಲ. ಭಾಷೆ ಒಂದೇ ಆಗಿದ್ದರಿಂದ ಮಾತಿನ ರೀತಿಯೂ ಒಂದೇ ಅಂತ ಎಲ್ಲರೂ ಅಂದುಕೊಂಡಿದ್ದೆವು. ಎಡವಟ್ಟಾಗಿದ್ದೇ ಅಲ್ಲಿ.

ನಮ್ಮ ತಂಡದ ಲೀಡ್ ಕೆಲಸ ಬಿಟ್ಟಾಗ ಅವರ ಜವಾಬ್ದಾರಿ ‘ಸದ್ಯಕ್ಕೆ’ ಅಂತ ನನ್ನ ಹೆಗಲಿಗೆ ಬಂತು. ಆ ‘ಸದ್ಯಕ್ಕೆ’ 14 ತಿಂಗಳು ನಡೆಯಿತು. ಆರು ಜನರಿಗೆ ಕೆಲಸ ಹಂಚುವುದು, ಗ್ರಾಹಕರ ಕರೆಗಳು, ರಿಲೀಸ್ ದಿನದ ರಾತ್ರಿಗಳು, ಎಲ್ಲಾ ನನ್ನದೇ. ಹುದ್ದೆಯ ಹೆಸರು ಹಳೆಯದು, ಸಂಬಳವೂ ಹಳೆಯದು. ಅವರಿಗೇ ಗೊತ್ತಾಗುತ್ತೆ, ಅವರೇ ಕರೆದು ಹೇಳುತ್ತಾರೆ ಅಂತ ಕಾದೆ. ವರ್ಷ ಕಳೆದರೂ ಯಾರೂ ಕರೆಯಲಿಲ್ಲ. ಕೊನೆಗೆ ನಾನೇ ಮ್ಯಾನೇಜರ್ ಹತ್ತಿರ ಅರ್ಧ ಗಂಟೆ ಸಮಯ ಕೇಳಿದೆ.

ಆ ಅರ್ಧ ಗಂಟೆಯಲ್ಲಿ 20 ನಿಮಿಷ ಪ್ರಾಜೆಕ್ಟಿನ ಬಗ್ಗೆಯೇ ಮಾತಾಡಿದೆ. ನೇರವಾಗಿ ದುಡ್ಡಿನ ಮಾತಿಗೆ ಇಳಿಯೋದು ಒರಟು ಅನ್ನಿಸಿತ್ತು. ಕೊನೆಯ ಹತ್ತು ನಿಮಿಷ ಉಳಿದಾಗ, ‘ನಿಮಗೆ ಸಾಧ್ಯವಾದಾಗ ನನ್ನ ಪಾತ್ರದ ಬಗ್ಗೆ ಸ್ವಲ್ಪ ಯೋಚಿಸಬಹುದೇನೋ’ ಅಂದೆ. ನನ್ನ ಮಟ್ಟಿಗೆ ಅದು ದೊಡ್ಡ ಬೇಡಿಕೆ. ಹಿಂದಿನ ರಾತ್ರಿಯೆಲ್ಲಾ ಆ ಒಂದು ವಾಕ್ಯವನ್ನೇ ಮನಸ್ಸಿನಲ್ಲಿ ಉರುಳಿಸಿದ್ದೆ.

ಅವರು ಒಂದು ಕ್ಷಣವೂ ತಡ ಮಾಡಲಿಲ್ಲ. ‘ಕೆಲಸ ಚೆನ್ನಾಗಿದೆ. ಆದರೆ ಲೀಡ್ ಹುದ್ದೆಗೆ ಇನ್ನೂ ಸಾಲದು. ನಿನ್ನ ವರದಿಗಳು ಉದ್ದ, ಕೊನೆಗೆ ತೀರ್ಮಾನವೇ ಇರುವುದಿಲ್ಲ. ಈ ಸಲ ಶೇ 4 ಇದೆ. ಏನನ್ನಿಸುತ್ತೆ?’ ಅಂದರು.

ಮುಖಕ್ಕೆ ಹೊಡೆದ ಹಾಗಾಯಿತು. ಗಂಟಲು ಕಟ್ಟಿತು. ‘ಓಕೆ, ಓಕೆ’ ಅಂದೆ, ತಲೆ ಆಡಿಸಿದೆ. ಕೇಳಿಸಿಕೊಂಡೆ, ಈಗ ಬೇರೆ ಮಾತು ಬರುತ್ತಿಲ್ಲ ಅನ್ನೋದಷ್ಟೇ ಅದರ ಅರ್ಥ. ಅವರು ನಗುತ್ತಾ ಥ್ಯಾಂಕ್ಸ್ ಹೇಳಿ ಕರೆ ಮುಗಿಸಿದರು. ಮೂರು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಒಂಬತ್ತು ದಿನ ಆದ ಮೇಲೆ ಎಚ್‌ಆರ್ ವ್ಯವಸ್ಥೆಯಿಂದ ಸಭೆಯ ಟಿಪ್ಪಣಿ ಮೇಲ್ ಆಗಿ ಬಂತು. ಎರಡೇ ಸಾಲು. ‘ಶೇ 4 ಏರಿಕೆ ತಿಳಿಸಲಾಗಿದೆ. ಒಪ್ಪಿದ್ದಾರೆ.’ ಪಕ್ಕದಲ್ಲಿ ‘ಮುಕ್ತಾಯ’ ಅನ್ನೋ ಹಸಿರು ಗುರುತು.

ಆ ಹಸಿರು ಗುರುತನ್ನು ನೋಡುತ್ತಾ ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ. ಮೋಸ ಅನ್ನಿಸಿತು. ಅದು ಮೋಸ ಆಗಿರಲಿಲ್ಲ ಅಂತ ಅರ್ಥವಾಗಿದ್ದು ಐದಾರು ವಾರ ಬಿಟ್ಟು. ಕನ್ನಡದಲ್ಲಿ ಯಾರಾದರೂ ಮಾತಾಡುವಾಗ ನಾವು ‘ಹ್ಞೂಂ, ಹ್ಞೂಂ’ ಅನ್ನುತ್ತೇವಲ್ವಾ? ಕಥೆ ಕೇಳುವ ಮಗುವೂ ಹ್ಞೂಂಗುಟ್ಟುತ್ತೆ. ಅದು ಒಪ್ಪಿಗೆಯಲ್ಲ, ಕೇಳಿಸಿಕೊಳ್ಳುತ್ತಿದ್ದೇನೆ, ಮುಂದೆ ಹೇಳು ಅಂತ. ನಾನು ಇಂಗ್ಲಿಷಿನಲ್ಲಿ ‘ಓಕೆ’ ಅಂದಿದ್ದು ಆ ಹ್ಞೂಂಕಾರವನ್ನೇ. ಆದರೆ ಎದುರಿನವರು ‘ಏನನ್ನಿಸುತ್ತೆ’ ಅಂತ ಪ್ರಶ್ನೆ ಕೇಳಿದ್ದರು. ಪ್ರಶ್ನೆಗೆ ‘ಓಕೆ’ ಅಂದರೆ ಅವರ ಲೆಕ್ಕದಲ್ಲಿ ಅದು ಉತ್ತರ. ಅವರು ಕೇಳಿಸಿದ್ದನ್ನು ಪ್ರಾಮಾಣಿಕವಾಗಿ ಬರೆದುಕೊಂಡರು.

ಎಡ್ವರ್ಡ್ ಟಿ. ಹಾಲ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞರು 1976ರಲ್ಲೇ ಇದನ್ನು ವಿವರಿಸಿದ್ದರು. ಕೆಲವು ಕಡೆ ಅರ್ಥದ ಹೆಚ್ಚು ಪಾಲು ಮಾತಿನ ಹೊರಗಿರುತ್ತೆ: ಯಾರು ಹೇಳಿದರು, ಯಾವಾಗ ಹೇಳಿದರು, ಏನನ್ನು ಹೇಳದೆ ಬಿಟ್ಟರು ಅನ್ನೋದರಲ್ಲಿ. ಇನ್ನು ಕೆಲವು ಕಡೆ ಬಾಯಲ್ಲಿ ಬಂದ ಪದದಲ್ಲೇ ಅರ್ಥ ಇರಬೇಕು. ನಾನು ಮೊದಲನೇ ರೀತಿಯಲ್ಲಿ ಹೇಳಿದೆ, ಅವರು ಎರಡನೇ ರೀತಿಯಲ್ಲಿ ಕೇಳಿಸಿಕೊಂಡರು. ‘ಸ್ವಲ್ಪ ಯೋಚಿಸಬಹುದೇನೋ’ ಅನ್ನೋದು ಅವರಿಗೆ ನಿಜಕ್ಕೂ ‘ಸ್ವಲ್ಪ’ ಮತ್ತು ‘ಏನೋ’ ಆಗಿಯೇ ಕೇಳಿಸಿತ್ತು.

ಇಲ್ಲಿ ನಿಮಗೊಂದು ಮಾತು. ಸಭೆಯಲ್ಲಿ ಮಾತು ಕಟ್ಟಿಹೋದರೆ ‘ಓಕೆ’ ಅನ್ನಬೇಡಿ. ‘ನೀವು ಹೇಳಿದ್ದು ಕೇಳಿಸಿಕೊಂಡೆ, ನನ್ನ ಉತ್ತರ ಎರಡು ದಿನದಲ್ಲಿ ಕೊಡುತ್ತೇನೆ’ ಅನ್ನಿ. ಈ ವಾಕ್ಯವನ್ನು ಮೊದಲೇ ಬಾಯಿಪಾಠ ಮಾಡಿಕೊಂಡಿರಿ, ಆ ಹೊತ್ತಿಗೆ ತಾನಾಗಿ ಬರುವುದಿಲ್ಲ. ಅದೇ ದಿನ ಸಂಜೆಯೊಳಗೆ ‘ಇಂದು ನಾವು ಮಾತಾಡಿದ್ದು ಇಷ್ಟು, ಇನ್ನೂ ತೀರ್ಮಾನವಾಗದೇ ಇರುವುದು ಇಷ್ಟು’ ಅಂತ ನೀವೇ ಒಂದು ಮೇಲ್ ಹಾಕಿ. ನಾನು ಅದನ್ನು ಮಾಡಿದ್ದರೆ ಆ ಹಸಿರು ಗುರುತು ಬೀಳುತ್ತಲೇ ಇರಲಿಲ್ಲ.

ಮುಗಿದ ಕಡತವನ್ನು ಮತ್ತೆ ತೆರೆಯಲು ಎಚ್‌ಆರ್ ಹತ್ತಿರ ಹೋಗಬೇಕಿತ್ತು. ಆ ತ್ರೈಮಾಸಿಕದ ಬದಲಾವಣೆಗಳಿಗೆ ಕೊನೆಯ ದಿನ ಇನ್ನೂ ಮೂರು ವಾರ ದೂರ ಇತ್ತು. ವಿಡಿಯೋ ಕರೆಯಲ್ಲಿ ಎಚ್‌ಆರ್ ಎಷ್ಟು ಚೆನ್ನಾಗಿ ಮಾತಾಡಿದರು ಅಂದರೆ ಕಣ್ಣಲ್ಲಿ ನೀರು ಬಂತು. ‘ನೀವು ಇದನ್ನು ಹೇಳಿದ್ದು ಬಹಳ ಒಳ್ಳೆಯದಾಯಿತು’, ‘ನಿಮ್ಮ ಕೆಲಸ ಅದ್ಭುತ’, ‘ಖಂಡಿತ ಇದನ್ನು ನೋಡುತ್ತೇವೆ’. ಮ್ಯಾನೇಜರ್ ಬಾಯಿಂದ ಒಂದು ಒಳ್ಳೆಯ ಪದ ಬರಲಿ ಅಂತ ಕಾದಿದ್ದ ನನಗೆ ಇಲ್ಲಿ ಮಳೆಯೇ ಸುರಿದ ಹಾಗಿತ್ತು. ಅವತ್ತು ರಾತ್ರಿ ಮನೆಯಲ್ಲಿ, ಆಯ್ತು, ಕೆಲಸ ಆಯ್ತು ಅಂತ ಹೇಳಿಬಿಟ್ಟೆ.

16 ದಿನ ಏನೂ ಬರಲಿಲ್ಲ. ದಿನಾ ಬೆಳಿಗ್ಗೆ ಎದ್ದ ಕೂಡಲೇ ಫೋನ್ ನೋಡುತ್ತಿದ್ದೆ. ಜ್ಞಾಪಿಸಿದರೆ ಒತ್ತಾಯ ಅಂದುಕೊಳ್ಳುತ್ತಾರೇನೋ ಅಂತ ಸಂಕೋಚ. 17ನೇ ದಿನ ಕೇಳಿದಾಗ ಅಷ್ಟೇ ಪ್ರೀತಿಯಿಂದ ಉತ್ತರ ಬಂತು: ಮ್ಯಾನೇಜರ್ ಕಡೆಯಿಂದ ಮನವಿ ಬಂದರೆ ಮಾತ್ರ ಕಡತ ತೆರೆಯಬಹುದು, ಮತ್ತೆ ಈ ತ್ರೈಮಾಸಿಕಕ್ಕೆ ಸಮಯ ಇಲ್ಲ.

ಅವರು ಸುಳ್ಳು ಹೇಳಿರಲಿಲ್ಲ. ಆ ಹೊಗಳಿಕೆ ನನ್ನನ್ನು ಗೌರವದಿಂದ ಕೇಳಿಸಿಕೊಳ್ಳುವ ಅವರ ರೀತಿ. ಅದನ್ನು ನಾನು ಮಾತು ಕೊಟ್ಟ ಹಾಗೆ ತೆಗೆದುಕೊಂಡೆ. ‘ನೋಡುತ್ತೇವೆ’ ಅಂದಾಗ ‘ಯಾರು ನೋಡುತ್ತಾರೆ, ಯಾವತ್ತಿನೊಳಗೆ, ಅದಕ್ಕೆ ನನ್ನಿಂದ ಏನು ಬೇಕು’ ಅಂತ ಮೂರು ಪ್ರಶ್ನೆ ಕೇಳಿದ್ದರೆ ಅವತ್ತೇ ಗೊತ್ತಾಗುತ್ತಿತ್ತು. ಕೇಳಲಿಲ್ಲ. ಅದರ ಬೆಲೆ ಪೂರ್ತಿ ಮೂರು ತಿಂಗಳ ಏರಿಕೆ. ಅದು ಮತ್ತೆ ಸಿಗಲಿಲ್ಲ, ಬಾಕಿ ಅಂತಲೂ ಕೊಡಲಿಲ್ಲ.

ಇಷ್ಟರಲ್ಲಿ ಬಿಟ್ಟುಬಿಡೋಣ ಅನ್ನಿಸಿತ್ತು. ಮೊದಲು ನನ್ನ ಜೊತೆ ಕೆಲಸ ಮಾಡಿದ್ದ ಅಕ್ಕ ಒಬ್ಬರಿದ್ದಾರೆ, ಬೇರೆ ಬೇರೆ ದೇಶಗಳಲ್ಲಿ ತಂಡ ನಡೆಸಿದವರು. ಅವರಿಗೆ ಫೋನ್ ಮಾಡಿ ಎಲ್ಲಾ ಹೇಳಿಕೊಂಡೆ. ಪೂರ್ತಿ ಕೇಳಿದರು. ಆಮೇಲೆ, ‘ನಿಂಗೆ ಎಷ್ಟು ಬೇಕು ಅಂತ ಅವರಿಗೆ ಹೇಳಿದ ಒಂದು ಸಾಲು ತೋರಿಸು’ ಅಂದರು.

ಮೇಲ್ ತೆರೆದೆ. ಎರಡು ತಿಂಗಳ ಮೇಲ್ ಎಲ್ಲಾ ಜಾಲಾಡಿದೆ. ‘ಬೆಳವಣಿಗೆ’ ಇತ್ತು, ‘ಪಾತ್ರ’ ಇತ್ತು, ‘ಅವಕಾಶ’ ಇತ್ತು. ಒಂದು ಸಂಖ್ಯೆ ಎಲ್ಲೂ ಇರಲಿಲ್ಲ. ‘ಲೀಡ್’ ಅನ್ನೋ ಪದವನ್ನೂ ನಾನು ಎಲ್ಲೂ ಬರೆದಿರಲಿಲ್ಲ. ಫೋನಿನ ಆ ಕಡೆ ಅಕ್ಕ ಸುಮ್ಮನೆ ಕಾಯುತ್ತಿದ್ದರು. ‘ಇಲ್ಲ ಅಕ್ಕ’ ಅಂದೆ. ‘ದಾಕ್ಷಿಣ್ಯಕ್ಕೆ ಬಸಿರಾಗೋದು ಅಂದ್ರೆ ಇದೇ ಕಣೋ’ ಅಂದರು. ಬೈದಿದ್ದಲ್ಲ, ಬೇಜಾರಿನಿಂದ ಅಂದಿದ್ದು. ಇಷ್ಟು ದಿನ ಅವರು ಕೊಡುತ್ತಿಲ್ಲ ಅಂತ ಕೊರಗುತ್ತಿದ್ದೆ. ಏನು ಬೇಕು ಅಂತ ಅವರಿಗೆ ಗೊತ್ತೇ ಇರಲಿಲ್ಲ.

ಅವತ್ತು ರಾತ್ರಿ ಎರಡು ಪುಟ ಬರೆದೆ. ಮೊದಲ ಪುಟದಲ್ಲಿ 14 ತಿಂಗಳ ಕೆಲಸ, ಪ್ರತಿಯೊಂದಕ್ಕೂ ದಿನಾಂಕ ಮತ್ತು ಫಲಿತಾಂಶ. ಎರಡನೇ ಪುಟದಲ್ಲಿ ಲೀಡ್ ಹುದ್ದೆಯ ಅಧಿಕೃತ ವಿವರಣೆಯ ಒಂದೊಂದು ಸಾಲು, ಅದರ ಮುಂದೆ ನಾನು ಮಾಡಿದ ಕೆಲಸ. ಮೇಲ್ಗಡೆ ಮೊದಲ ಸಾಲೇ ಬೇಡಿಕೆ: ಲೀಡ್ ಹುದ್ದೆ, ಶೇ 18 ಏರಿಕೆ. ಅದನ್ನು ಟೈಪ್ ಮಾಡಿ ಮೂರು ಸಲ ಅಳಿಸಿದೆ. ನಾಲ್ಕನೇ ಸಲ ಉಳಿಸಿಕೊಂಡೆ.

ಸಂಖ್ಯೆ ಯಾಕೆ ಅಷ್ಟು ಮುಖ್ಯ ಅಂದರೆ, ಮೊದಲು ಬಿದ್ದ ಸಂಖ್ಯೆ ಆಮೇಲಿನ ಲೆಕ್ಕವನ್ನೆಲ್ಲಾ ತನ್ನ ಕಡೆ ಎಳೆಯುತ್ತೆ. ಅಮೊಸ್ ಟ್ವೆರ್ಸ್ಕಿ, ಡೇನಿಯಲ್ ಕಾನೆಮನ್ ಅನ್ನೋ ಮನಶ್ಶಾಸ್ತ್ರಜ್ಞರು 1974ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅಂಕಿಗಳಿದ್ದ ಒಂದು ಚಕ್ರ ತಿರುಗಿಸಿ, ವಿಶ್ವಸಂಸ್ಥೆಯಲ್ಲಿ ಆಫ್ರಿಕಾದ ದೇಶಗಳು ಶೇಕಡಾ ಎಷ್ಟು ಅಂತ ಕೇಳಿದರು. ಚಕ್ರ 10ಕ್ಕೆ ನಿಂತಾಗ ಜನರ ಮಧ್ಯಮ ಅಂದಾಜು 25, 65ಕ್ಕೆ ನಿಂತಾಗ 45. ಚಕ್ರಕ್ಕೂ ಪ್ರಶ್ನೆಗೂ ಸಂಬಂಧವೇ ಇರಲಿಲ್ಲ. ನನ್ನ ವಿಷಯದಲ್ಲಿ ಮೇಜಿನ ಮೇಲೆ ಇದ್ದದ್ದು ಅವರ 4 ಮಾತ್ರ. ಆರು ವಾರ ಅದೊಂದೇ ಇತ್ತು. ವಿನಯದಿಂದ ಸುಮ್ಮನಿದ್ದೇನೆ ಅಂತ ನಾನು ಅಂದುಕೊಂಡಿದ್ದೆ, ಅಷ್ಟು ದಿನವೂ ಆ 4 ಗಟ್ಟಿಯಾಗುತ್ತಾ ಹೋಯಿತು.

ಮ್ಯಾನೇಜರ್ ಜೊತೆ ಎರಡನೇ ಸಭೆ. ಪುಟಗಳನ್ನು ಹಿಂದಿನ ದಿನವೇ ಕಳಿಸಿದ್ದೆ. ಅವರು ಕೂತ ತಕ್ಷಣ, ‘18 ಜಾಸ್ತಿ ಆಯಿತು. ಯಾಕೆ 18? ಹೇಳು’ ಅಂದರು. ಎದೆ ಹೊಡೆದುಕೊಂಡಿತು. ಆದರೆ ಈ ಸಲ ಆ ವಾಕ್ಯದ ಕೊನೆಯ ಪದದ ಮೇಲೆ ಗಮನ ಇಟ್ಟೆ. ‘ಹೇಳು’ ಅಂದರೆ ಬಾಗಿಲು ತೆರೆದಿದೆ ಅಂತ. ಅವರ ಮಟ್ಟಿಗೆ ‘ಜಾಸ್ತಿ ಆಯಿತು’ ಅನ್ನೋದರಿಂದ ಮಾತು ಶುರು. ನನ್ನ ಕಿವಿಗೆ ಅದು ಮಾತು ಮುಗಿದ ಹಾಗೆ. 40 ನಿಮಿಷ ಒಂದೊಂದು ಸಾಲಿಗೂ ವಾದ ನಡೆಯಿತು. ಎರಡು ಕಡೆ ಅವರು ಹೇಳಿದ್ದು ಸರಿ ಅಂತ ಒಪ್ಪಿಕೊಂಡೆ, ವರದಿಗಳ ಉದ್ದದ ವಿಷಯವೂ ಅದರಲ್ಲಿತ್ತು. ಐದು ಕಡೆ ಅವರು ಒಪ್ಪಿಕೊಂಡರು. ಕೊನೆಗೆ, ‘ಇದನ್ನೆಲ್ಲಾ ಮೊದಲೇ ಯಾಕೆ ಕೊಡಲಿಲ್ಲ? ನೀನು ಖುಷಿಯಾಗಿದ್ದೀಯ ಅಂದುಕೊಂಡಿದ್ದೆ’ ಅಂದರು. ಆ ಮಾತು ಇನ್ನೂ ಕಿವಿಯಲ್ಲಿದೆ. ಅವರ ಶಿಫಾರಸಿನೊಂದಿಗೆ ಕಡತ ಮತ್ತೆ ತೆರೆಯಿತು.

ಇನ್ನು ನಿರ್ದೇಶಕರ ಸಭೆ. ಎಲ್ಲಕ್ಕಿಂತ ದೊಡ್ಡ ನಷ್ಟ ಮಾಡಿಕೊಂಡಿದ್ದು ಇಲ್ಲೇ.

ಮ್ಯಾನೇಜರ್ ವಿಷಯ ಹೇಳಿದರು. ನಾನು ಎರಡು ಪುಟ ತೋರಿಸಿ ಬೇಡಿಕೆ ಹೇಳಿದೆ. ನಿರ್ದೇಶಕರು ಕಾಗದ ನೋಡಿದರು. ಏನೂ ಹೇಳಲಿಲ್ಲ. ಪೆನ್ನನ್ನು ಕಾಗದದ ಅಂಚಿಗೆ ಸರಿಯಾಗಿ ಜೋಡಿಸಿ ಇಟ್ಟರು. ಪರದೆಯ ಮೂಲೆಯಲ್ಲಿ ಕರೆಯ ಸಮಯ ಓಡುತ್ತಿತ್ತು. ಐದು ಸೆಕೆಂಡ್. ಆರು. ಏಳು. ನನಗೆ ಅದು ‘ಇಲ್ಲ’ ಅಂತಲೇ ಕೇಳಿಸಿತು. ತಡೆಯಲಾಗಲಿಲ್ಲ. ‘ಶೇ 12 ಆದರೂ ಪರವಾಗಿಲ್ಲ’ ಅಂದುಬಿಟ್ಟೆ.

ಯಾರೂ ಕೇಳಿರಲಿಲ್ಲ. ನನ್ನ ಬೇಡಿಕೆಯನ್ನು ನಾನೇ ಮೂರನೇ ಒಂದು ಭಾಗ ಕಡಿಮೆ ಮಾಡಿಕೊಂಡೆ. ಮ್ಯಾನೇಜರ್ ಮುಖ ನೋಡಿದೆ, ಅವರು ಕಣ್ಣು ಮುಚ್ಚಿಕೊಂಡಿದ್ದರು. ನಿರ್ದೇಶಕರು ತಮ್ಮ ಭಾಷೆಯಲ್ಲಿ ‘ಹಾಯ್’ ಅಂದು ತಲೆ ಬಾಗಿಸಿದರು. ಸಭೆ ಮುಗಿಯಿತು.

ಮೌನ ಅಷ್ಟು ಭಾರ ಯಾಕೆ ಅನ್ನಿಸುತ್ತೆ ಅಂತ ಆಮೇಲೆ ಓದಿದೆ. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನ 10 ಭಾಷೆಗಳ ದಿನನಿತ್ಯದ ಮಾತುಕತೆ ಅಳೆದು ನೋಡಿತು. ಒಬ್ಬರು ಪ್ರಶ್ನೆ ಕೇಳಿ ಇನ್ನೊಬ್ಬರು ಉತ್ತರಿಸುವ ನಡುವಿನ ಅಂತರ ಸರಾಸರಿ ಒಂದು ಸೆಕೆಂಡಿನ ಐದನೇ ಒಂದು ಭಾಗದಷ್ಟು. ಅದಕ್ಕೇ ಏಳು ಸೆಕೆಂಡ್ ಅಂದರೆ ಯುಗ ಅನ್ನಿಸಿದ್ದು. ಆ ಅಧ್ಯಯನದಲ್ಲಿ ಬೇಗ ಉತ್ತರ ಬಂದದ್ದು ಜಪಾನಿ ಭಾಷೆಯಲ್ಲೇ, ತಡವಾಗಿದ್ದು ಡೇನಿಶ್‌ನಲ್ಲಿ. ಹಾಗಾಗಿ ‘ಜಪಾನಿನವರು ನಿಧಾನ’ ಅನ್ನೋ ಮಾತು ಸುಳ್ಳು. ಹರಟೆಯ ಮಾತೇ ಬೇರೆ. ಮೇಲಧಿಕಾರಿಯಾಗಿ ಒಂದು ಕಾಗದ ಮುಂದಿಟ್ಟುಕೊಂಡು ಕೂತಾಗ ಸುಮ್ಮನಿರೋದೇ ಬೇರೆ. ನಿರ್ದೇಶಕರು ನಿಜವಾಗಿ ಓದುತ್ತಿದ್ದರು, ಅಷ್ಟೇ. ಜ್ಯಾರೆಡ್ ಕರ್ಹಾನ್ ಅನ್ನೋ ಸಂಶೋಧಕರು ಮತ್ತು ಜೊತೆಗಾರರು 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಚೌಕಾಸಿಯ ನಡುವೆ ಮೂರು ಸೆಕೆಂಡ್ ಅಥವಾ ಹೆಚ್ಚು ಸುಮ್ಮನಿದ್ದರೆ ಯೋಚನೆ ತಿಳಿಯಾಗಿ ಎರಡೂ ಕಡೆಗೆ ಒಳ್ಳೆಯದಾಗುವ ದಾರಿ ಕಾಣುವುದು ಹೆಚ್ಚು. ನಾನು ಆ ಹೊತ್ತನ್ನು ಅವರಿಗೆ ಕೊಡಲಿಲ್ಲ. ನೀವು ಕೊಡಿ. ಬೇಡಿಕೆ ಹೇಳಿದ ಮೇಲೆ ಒಂದು ಲೋಟ ನೀರು ಕೈಗೆ ತಗೊಳ್ಳಿ, ನಿಧಾನವಾಗಿ ಕುಡಿಯಿರಿ. ಬಾಯಿಗೆ ಬೇರೆ ಕೆಲಸ ಇದ್ದರೆ ಮಾತು ಹೊರಗೆ ಬರುವುದಿಲ್ಲ.

ಆ ‘ಹಾಯ್’ ಕೂಡ ನನಗೆ ಪಾಠ ಆಯಿತು. ಜಪಾನಿ ಭಾಷೆಯಲ್ಲಿ ಅದಕ್ಕೆ ಹೌದು ಅನ್ನೋ ಅರ್ಥ ಇದೆ, ಕೇಳಿಸಿಕೊಂಡೆ ಅಂತಲೂ ಬಳಸುತ್ತಾರೆ. ಮಾತಿನ ನಡುವೆ ಹೀಗೆ ದನಿಗೂಡಿಸುವುದಕ್ಕೆ ಅವರಲ್ಲಿ ‘ಅಯಿಜುಚಿ’ ಅನ್ನೋ ಹೆಸರೇ ಇದೆ. ಅಂದರೆ ನಮ್ಮ ಹ್ಞೂಂ. ನನ್ನ ‘ಓಕೆ’ಯನ್ನು ಮ್ಯಾನೇಜರ್ ತಪ್ಪು ತಿಳಿದರು ಅಂತ ನೊಂದುಕೊಂಡಿದ್ದ ನಾನು ನಿರ್ದೇಶಕರ ‘ಹಾಯ್’ ಅನ್ನು ಅದೇ ಥರ ಒಪ್ಪಿಗೆ ಅಂದುಕೊಂಡಿದ್ದೆ.

ಸಭೆ ಮುಗಿದ ಅರ್ಧ ಗಂಟೆಗೆ ಮ್ಯಾನೇಜರ್ ಫೋನ್ ಮಾಡಿದರು. ಇಂಥ ತೀರ್ಮಾನ ಸಭೆಯಲ್ಲಿ ಆಗುವುದಿಲ್ಲ, ಸಭೆಗೆ ಮೊದಲೇ ಆಗಿರುತ್ತೆ ಅಂದರು. ಜಪಾನಿನ ಕಚೇರಿಗಳಲ್ಲಿ ಇದಕ್ಕೆ ‘ನೆಮವಾಶಿ’ ಅನ್ನುತ್ತಾರೆ. ಮರವನ್ನು ಕಿತ್ತು ಬೇರೆ ಕಡೆ ನೆಡುವ ಮುಂಚೆ ಬೇರಿನ ಸುತ್ತ ಮಣ್ಣು ಬಿಡಿಸಿ ಸಿದ್ಧ ಮಾಡುವ ಕೆಲಸದಿಂದ ಬಂದ ಪದ. ಸಂಬಂಧಪಟ್ಟ ಒಬ್ಬೊಬ್ಬರನ್ನೂ ಮೊದಲೇ ಬೇರೆ ಬೇರೆಯಾಗಿ ಕಂಡು ಅವರ ಅನುಮಾನ ಪರಿಹರಿಸಬೇಕು. ಇದನ್ನು ನನಗೆ ಯಾರೂ ಹೇಳಿರಲಿಲ್ಲ, ಯಾವ ನಿಯಮದ ಕಡತದಲ್ಲೂ ಇರಲಿಲ್ಲ.

ನಾನು ಆ ಸಂಜೆ ಎರಡು ಕೆಲಸ ಮಾಡಿದೆ. 12 ಅಂದದ್ದು ಅವಸರದಲ್ಲಿ, ಎರಡು ಪುಟದಲ್ಲಿರುವ ಕಾರಣಗಳಿಗೆ ತಕ್ಕ ಬೇಡಿಕೆ ಶೇ 18 ಆಗಿಯೇ ಉಳಿದಿದೆ ಅಂತ ನೇರವಾಗಿ ಮೇಲ್ ಬರೆದೆ. ಕೈ ನಡುಗುತ್ತಿತ್ತು. ಆಮೇಲೆ ಹಣಕಾಸು ವಿಭಾಗದ ಮುಖ್ಯಸ್ಥರು ಮತ್ತು ಇನ್ನೆರಡು ತಂಡದ ಮುಖ್ಯಸ್ಥರ ಹತ್ತಿರ 15 ನಿಮಿಷ ಸಮಯ ಕೇಳಿದೆ. ಮೂವರನ್ನು ಮುಗಿಸಲು ಎರಡು ವಾರ. ಬೇರೆ ಬೇರೆ ಕಾಲವಲಯ, ಹಾಗಾಗಿ ಎರಡು ಕರೆ ನಡುರಾತ್ರಿ. ಹಣಕಾಸಿನವರ ಅನುಮಾನ ಹುದ್ದೆಯ ಬಗ್ಗೆ ಇರಲೇ ಇಲ್ಲ, ಯಾವ ತಿಂಗಳ ಬಜೆಟ್ಟಿನಲ್ಲಿ ಹಾಕೋದು ಅನ್ನೋದಷ್ಟೇ. ಅದನ್ನು ಹತ್ತು ನಿಮಿಷದಲ್ಲಿ ಬಗೆಹರಿಸಿಕೊಂಡೆವು.

ಎರಡನೇ ಸಲ ನಿರ್ದೇಶಕರ ಮುಂದೆ ಕೂತಾಗ ಒಂಬತ್ತನೇ ವಾರ. ಕೈಯಲ್ಲಿ ನೀರಿನ ಲೋಟ ಇತ್ತು. ಅವರು ಸುಮ್ಮನಿದ್ದರು, ನಾನೂ ಸುಮ್ಮನಿದ್ದೆ. ಆಮೇಲೆ ಒಂದೇ ಪ್ರಶ್ನೆ ಕೇಳಿದರು, ತಂಡಕ್ಕೆ ಹೊಸಬರು ಬಂದರೆ ಯಾರು ಕಲಿಸುತ್ತಾರೆ ಅಂತ. ಹೇಳಿದೆ. ‘ಹಾಯ್’ ಬಂತು. ಅವರನ್ನು ಎಲ್ಲರ ಮುಂದೆ ‘ಇದು ಒಪ್ಪಿಗೆಯಾ’ ಅಂತ ಕೇಳಿದರೆ ಇಕ್ಕಟ್ಟಿಗೆ ಸಿಕ್ಕಿಸಿದ ಹಾಗೆ. ಅದಕ್ಕೆ, ‘ಮುಂದಿನ ಹೆಜ್ಜೆಯಾಗಿ ನಾನು ಏನು ಸಿದ್ಧ ಮಾಡಿಕೊಡಲಿ?’ ಅಂದೆ. ‘ಎಚ್‌ಆರ್ ಪತ್ರ ಕಳಿಸುತ್ತಾರೆ’ ಅಂದರು. ಹತ್ತು ನಿಮಿಷದಲ್ಲಿ ಸಭೆ ಮುಗಿಯಿತು.

18ಕ್ಕೂ 12ಕ್ಕೂ ನಡುವೆ 15ಕ್ಕೆ ನಿಂತಿತು. ಅವತ್ತು ಬಾಯಿ ಬಿಡದಿದ್ದರೆ ಎಷ್ಟಾಗುತ್ತಿತ್ತು ಅಂತ ಹೇಳಲಾರೆ, ಆದರೆ ಆ ಮೂರು ನನ್ನನ್ನು ಈಗಲೂ ಚುಚ್ಚುತ್ತೆ.

ಪತ್ರ ಬಂದಾಗ ಹುದ್ದೆಯ ಹೆಸರು ತಪ್ಪಿತ್ತು, ಹಳೆಯದೇ ಇತ್ತು. ಎರಡು ಸಾಲು ಬರೆದು ಕಳಿಸಿದೆ: ಇದು ತಪ್ಪಿದೆ, ಸರಿಯಾದದ್ದು ಇದು, ಯಾವತ್ತಿನೊಳಗೆ ಸಿಗಬಹುದು? ಆರು ದಿನ ಹಿಡಿಯಿತು. ನೀವು ಪತ್ರದ ಪ್ರತಿ ಸಾಲು ಓದಿ, ಮುಖ್ಯವಾಗಿ ಹುದ್ದೆ ಮತ್ತು ಜಾರಿಯ ದಿನಾಂಕ.

ಒಂದು ವಿಷಯ ಬಿಡದೆ ಹೇಳಬೇಕು. ದೇಶದ ಹೆಸರು ಹಿಡಿದು ಜನರನ್ನು ಅಳೆಯಲು ಹೋಗಬೇಡಿ. ಗೀರ್ಟ್ ಹಾಫ್‌ಸ್ಟೀಡ್ ಅನ್ನೋ ಸಂಶೋಧಕರು ಐಬಿಎಂ ಕಂಪನಿಯ ನೌಕರರ ಸಮೀಕ್ಷೆಯಿಂದ ಕಟ್ಟಿದ, 1980ರಲ್ಲಿ ಪ್ರಕಟಿಸಿದ, ದೇಶಗಳ ಸಂಸ್ಕೃತಿಯನ್ನು ಹೋಲಿಸುವ ಅಂಕಿಗಳು ಎಲ್ಲಾ ಕಡೆ ಓಡಾಡುತ್ತವೆ. ಅವು ದೇಶಗಳ ಸರಾಸರಿ, ಎದುರಿಗೆ ಕೂತ ಮನುಷ್ಯನದ್ದಲ್ಲ. ನಮ್ಮ ತಂಡದಲ್ಲೇ ಇನ್ನೊಬ್ಬ ಡಚ್ಚರಿದ್ದಾರೆ, ಯಾರ ಮನಸ್ಸನ್ನೂ ನೋಯಿಸದೆ ಸುತ್ತಿ ಬಳಸಿ ಮಾತಾಡುವವರು. ನನಗೆ ಕೆಲಸಕ್ಕೆ ಬಂದದ್ದು ‘ನೀವು ಹಾಗಂದರೆ ನಾನು ಹೀಗೆ ಅರ್ಥ ಮಾಡಿಕೊಂಡೆ, ಸರೀನಾ?’ ಅನ್ನೋ ಪ್ರಶ್ನೆ. ಅದನ್ನು ಯಾವ ದೇಶದವರಿಗೂ ಕೇಳಬಹುದು, ನಮ್ಮವರಿಗೂ.

ಮ್ಯಾನೇಜರ್ ಜೊತೆ ಕೊನೆಯ ಮಾತುಕತೆ ಈ ಸೋಮವಾರ ಆಯಿತು. ಮೊದಲ ದಿನದ ‘ಓಕೆ’ ಏನಾಗಿತ್ತು ಅಂತ ಅವರಿಗೆ ಹೇಳಿದೆ, ‘ಹ್ಞೂಂ’ ಬಗ್ಗೆಯೂ ಹೇಳಿದೆ. ಅವರು ಎರಡು ಸಲ ‘ಹ್ಞೂಂ’ ಅಂತ ಹೇಳಿ ನೋಡಿದರು. ಆಮೇಲೆ ಸಭೆಯ ಟಿಪ್ಪಣಿಯ ನಮೂನೆ ತೆರೆದು ‘ಒಪ್ಪಿದ್ದು’ ಅನ್ನೋ ಅಂಕಣದ ಪಕ್ಕದಲ್ಲಿ ಇನ್ನೊಂದು ಅಂಕಣ ಸೇರಿಸಿದರು, ‘ಕೇಳಿಸಿಕೊಂಡಿದ್ದು’ ಅಂತ. ನಮ್ಮ ತಂಡದಲ್ಲಿ ಮುಂದಿನ ವಾರ ಇನ್ನೊಬ್ಬರ ಸಂಬಳದ ಮಾತುಕತೆ ಇದೆ. ನಿನ್ನೆ ಅವರಿಗೆ ನನ್ನ ಎರಡು ಪುಟ ಕಳಿಸಿಕೊಟ್ಟೆ.